ಮಕ್ಕಳ ಚಿತ್ರ ಉಳೀಬೇಕು, ಮನಿ ತುಂಬಬಾರದು. ಹೆಂಗ ಮಾಡೂದ್ರಿ?

ಟಿಳಕವಾಡಿ ತಾಯಿ (ಬೆಳಗಾವಿ)

ಸಣ್ಣದು ಅಂಗನವಾಡಿ, ದೊಡ್ಡದು ಮೂರನೇತ್ತೆ. ವಾರಕ್ಕ ಹತ್ತು-ಹನ್ನೆರಡು ಹಾಳಿ ಕೂಡತಾವ್ರಿ. ಕ್ರೆಯಾನ್, ಸ್ಕೆಚ್ ಪೆನ್, ಪೋಸ್ಟರ್ ಕಲರ್, ಬ್ಯಾಳಿ-ಜ್ವಾಳ ಅಂಟಿಸಿದ್ದು, ಮ್ಯಾಲ ಮಣ್ಣೆತ್ತಿನ ಅಮವಾಸಿಗೆ ಮಾಡಿದ ಎತ್ತು ಬ್ಯಾರೆ. ಎರಡು ಖೋಲಿ ಬಾಡಿಗಿ ಮನಿ, ಮಳಿಗಾಲದಾಗ ಹೊರಗಿನ ಗ್ವಾಡಿ ಹಸಿ ಹಿಡೀತೈತಿ. ಸೆಲೋ ಟೇಪ್ ಕಿತ್ತರ ಬಣ್ಣನೂ ಕಿತ್ತು ಬರತೈತಿ. ಎಲ್ಲಾನೂ ಲ್ಯಾಮಿನೇಷನ್ ಮಾಡಿಸಿಬಿಡ್ಲ್ಯಾ? ಯಾವುದು ಇಡಬೇಕು, ಯಾವುದು ಬಿಡಬೇಕು?

ಚಿತ್ರಕಲಾ ಮಾಸ್ತರ (ಬಾಗಲಕೋಟೆ)

ಅಕ್ಕಾರ, ಲ್ಯಾಮಿನೇಷನ್ ಮಾತ್ರ ಬ್ಯಾಡ್ರಿ. ಆ ಯಂತ್ರದ ರೋಲರ್ 100 ಡಿಗ್ರಿ ದಾಟಿ ಕಾದಿರತೈತಿ. ಕ್ರೆಯಾನಿನ ಮೇಣ 60ರ ಆಸುಪಾಸಿಗೇ ಕರಗತೈತಿ, ಗೆರಿ ಎಲ್ಲಾ ಹರಡಿ ಎಣ್ಣಿ ಕಲಿ ಆಗತೈತಿ. ದಪ್ಪ ಪೋಸ್ಟರ್ ಕಲರ್ ಒತ್ತಡಕ್ಕ ಬಿರೀತೈತಿ. ಒಮ್ಮೆ ಮಾಡಿಸಿದ್ರ ಅದನ್ನ ಬಿಡಿಸಾಕ ದಾರಿನೇ ಇಲ್ಲ.

ಯಾವುದು ಎಷ್ಟು ದಿನ ಬಾಳತೈತಿ ಅನ್ನೂದು ಬಣ್ಣದ ಮ್ಯಾಲ ಐತಿ. ಪೆನ್ಸಿಲ್ ಗಟ್ಟಿ, ಕ್ರೆಯಾನ್ ಪರವಾಗಿಲ್ಲ. ಸ್ಕೆಚ್ ಪೆನ್ನಿನ ಬಣ್ಣ ಬೆಳಕಿಗೆ ಬಲು ಬೇಗ ಹಾರತೈತಿ. ಬಿಸಲು ಬೀಳೂ ಗ್ವಾಡಿಗೆ ಹಾಕಿದ್ರ ಕೆಲವ ತಿಂಗಳಿನಾಗ ಗುಲಾಬಿ, ನೇರಳಿ ಮಾಯ. ಅದಕ್ಕ ಸ್ಕೆಚ್ ಪೆನ್ನಿನ ಚಿತ್ರದ ಫೋಟೋ ಮೊದಲ ತಗೀರಿ, ಅಸಲು ಕತ್ತಲದಾಗ ಇಡ್ರಿ, ಗ್ವಾಡಿಗೆ ಪ್ರಿಂಟ್ ಹಾಕ್ರಿ. ಆಯಿಲ್ ಪೇಸ್ಟಲ್ ಎಂದೂ ಪೂರಾ ಒಣಗೂದಿಲ್ಲ, ಎರಡು ಹಾಳಿ ನಡುವ ಬಟರ್ ಪೇಪರ್ ಇಡಲಿಲ್ಲಂದ್ರ ಒಂದಕ್ಕೊಂದು ಅಂಟತಾವ.

ಚಿತ್ರ ಗ್ವಾಡಿಗೆ ಹಚ್ಚಾಕ ಟೇಪೂ ಬ್ಯಾಡ, ಮೊಳಿನೂ ಬ್ಯಾಡ. ಹಸಿ ಹಿಡೀದ ಒಳಗಿನ ಗ್ವಾಡಿ ಆರಿಸ್ಕೋರಿ. 6 ಫೂಟು ಸಣ್ಣ ತಂತಿ ಬಿಗೀರಿ. ಸುತಳಿ ಜೋತು ಬೀಳತೈತಿ. ಎ4 ಹಾಳಿ ನಿಲ್ಲಿಸಿ ಹಾಕಿದ್ರ 7 ಹಿಡೀತಾವ. ಒಂದು ಹಾಳಿಗೆ ಎರಡು ಕ್ಲಿಪ್ಪು, ಕ್ಲಿಪ್ಪಿನ ಹಲ್ಲು ಹಾಳಿಗೆ ನಾಟದಂಗ ನಡುವ ಒಂದು ರಟ್ಟಿನ ಚೂರು. ಒಂದೇ ಕ್ಲಿಪ್ ಹಾಕಿದ್ರ ಫ್ಯಾನಿನ ಗಾಳಿಗೆ ತಿರುಗಿ ಮೂಲಿ ಸುರುಳಿ ಆಗತೈತಿ. ಹಳೇ ಮನಿಯಾಗ ಗಿಳಿಗೂಟ ಇದ್ರ ಅದಕ್ಕ ಕಟ್ರಿ, ಕಲ್ಲಿನ ಗ್ವಾಡಿ ಕೊರಿಯೂ ಕೆಲಸನೇ ಇಲ್ಲ. ಹೊಸಾದು ಏರಬೇಕಂದ್ರ ಹಳೇದು ಒಂದು ಇಳೀಬೇಕು, ಇಳಿಸೂದು ಯಾವುದು ಅಂತ ಕೂಸೇ ಹೇಳಲಿ. ತಂತಿ ಇರೂದು ಏಳಕ್ಕ, ಎಂಟನೇದಕ್ಕ ಜಾಗಾ ಮಾಡಬ್ಯಾಡ್ರಿ.

ಇಳಿಸಿದ ಕೂಡ್ಲೇ ಹಾಳಿ ಹಿಂದ 2ಬಿ ಪೆನ್ಸಿಲಿನಿಂದ ತಾರೀಕು, ವಯಸ್ಸು, ಕೂಸು ಹೇಳಿದ ಮಾತು ಬರೀರಿ. "ಇದು ಅಜ್ಜಿ, ರೊಟ್ಟಿ ಬಡಿಯಾಕತ್ತಾಳ, ಇದು ರೊಟ್ಟಿ ಅಲ್ಲ ಚಂದ್ರ" ಅಂತ ಅದು ಹೆಂಗ ಹೇಳ್ತೋ ಹಂಗ. ಎರಡು ವರ್ಷ ಆದ ಮ್ಯಾಲ ಆ ವೃತ್ತ ಏನಂತ ಕೂಸಿಗೂ ನೆನಪಿರೂದಿಲ್ಲ. ಬಾಲ್ ಪೆನ್ ಬ್ಯಾಡ, ಈ ಕಡೆ ಮೂಡತೈತಿ.

ಫ್ರೇಮ್ ಕೆಲಸದಾವ (ವಿಜಯಪುರ)

ಮಾಸ್ತರ ಹೇಳಿದ್ದು ಖರೇ ಅದ. ವರ್ಷಕ್ಕ ಒಂದೋ ಎರಡೋ ಚಿತ್ರಕ್ಕ ಫ್ರೇಮ್ ಹಾಕಿಸ್ರಿ, ಸಾಕು. ಎ4ಕ್ಕ ಹೊರಗಿನ ಅಳತಿ 12×16 ಇಂಚು, ಮೌಂಟ್ ಬೋರ್ಡಿನ (ಚಿತ್ರದ ಸುತ್ತ ಇಡೂ ದಪ್ಪ ರಟ್ಟು) ಕಿಟಕಿ 7¾×11¼ ಅಂತ ಹೇಳ್ರಿ. ಹಾಳಿಯ ಅಂಚು ಕಾಲಿಂಚಿನಷ್ಟು ಒಳಗ ಹಿಡೀತದ. ಮೌಂಟ್ ಬರೇ ಚಂದಕ್ಕ ಅಲ್ರಿ. ಫ್ರೇಮಿನ ಕಾಜು (ಗಾಜು) ನೇರ ಚಿತ್ರಕ್ಕ ತಾಗಿದ್ರ ಮಳಿಗಾಲದಾಗ ಬಣ್ಣ ಕಾಜಿಗೆ ಹತ್ತಿ ಕೂಡ್ತದ, ಮೌಂಟ್ ಇದ್ರ ನಡುವ ಸಂದು ಉಳೀತದ.

ಭಾಳ ಅಂಗಡ್ಯಾಗ ಆಗೂ ತಪ್ಪು ಒಂದದ: ಹಾಳಿಯ ನಾಲ್ಕೂ ಅಂಚಿಗೆ ಅಂಟು ಹಚ್ಚತಾರ. ಹಸಿ ಗಾಳಿಗೆ ಹಾಳಿ ಹಿಗ್ಗತದ, ಹೋಗ್ಲಿಕ್ಕೆ ಜಾಗಾ ಇಲ್ದ ಅಲಿ ಅಲಿ ಏಳ್ತದ. ಮ್ಯಾಲಿನ ಅಂಚಿಗೆ ಮಾತ್ರ ಎರಡು ಕಡೆ ಒಂದೊಂದು ಇಂಚು ಪೇಪರ್ ಟೇಪ್ ಹಚ್ಚಿಸಿ ತೂಗಬಿಡ್ರಿ. ಮುಂದ ನಿಂತು ಹೇಳಿ ಮಾಡಿಸ್ರಿ, ಮುಚ್ಚಿದ ಮ್ಯಾಲ ಗೊತ್ತಾಗೂದಿಲ್ಲ. ಬೆಳಗಾವಿ ಗ್ವಾಡಿಗೆ ಫ್ರೇಮಿನ ಹಿಂದ ಕೆಳಗಿನ ಎರಡು ಮೂಲಿಗೆ ರಬ್ಬರಿನ ಸಣ್ಣ ತುಂಡು ಹಚ್ರಿ, ಗ್ವಾಡಿಗೂ ಬೋರ್ಡಿಗೂ ನಡುವ ಗಾಳಿ ಆಡಲಿ.

ಪಿನ್ ಬೋರ್ಡ್ ಬೇಕಂದ್ರ 2×3 ಫೂಟಿನ ಸಾಫ್ಟ್ ಬೋರ್ಡಿಗೆ ಗುಳೇದಗುಡ್ಡದ ಖಣ ಎಳೆದು ಹಿಂದ ಸ್ಟೇಪಲ್ ಹೊಡೀರಿ. ಮೊದಲು ನಾಲ್ಕೂ ಬದಿಯ ನಡುವ ಹೊಡ್ದು ಆಮ್ಯಾಲ ಮೂಲಿ ಹಿಡೀರಿ, ಇಲ್ಲಾಂದ್ರ ಖಣದ ನೇಯ್ಗಿ ಸೊಟ್ಟ ಕಾಣ್ತದ. ಗಾಢ ಬಣ್ಣದ್ದು ತಗೋರಿ, ಬಿಳಿ ಹಾಳಿ ಎದ್ದು ಕಾಣ್ತದ.

ನಮ್ಮ ಕಡೆ ತೊಂದ್ರಿ ಹಸಿ ಅಲ್ಲ, ಬಿಸಲು. ಪತ್ರಾಸಿನ ಕೆಳಗ, ಅಟ್ಟದ ಮ್ಯಾಲ ಕ್ರೆಯಾನ್ ಚಿತ್ರ ಇಡಬ್ಯಾಡ್ರಿ. ಬ್ಯಾಸಗಿ ತಿಂಗಳದಾಗ ಮೇಣ ಮೆತ್ತಗಾಗಿ ಇಡೀ ಕಟ್ಟು ಒಂದೇ ಗಟ್ಟಿ ಆಗ್ತದ.

ಟಿಳಕವಾಡಿ ತಾಯಿ

ಭಾಳ ಉಪಕಾರ ಆತ್ರಿ. ಬ್ಯಾಳಿ ಅಂಟಿಸಿದ್ದು, ಮಣ್ಣೆತ್ತು ಏನು ಮಾಡ್ಲಿ? ಫೋಟೋ ತಗದ್ರ ಯಾವಾಗ್ಲೂ ಹಳದಿ ಬರತೈತಿ.

ಚಿತ್ರಕಲಾ ಮಾಸ್ತರ

ಹಳದಿ ಬರೂದು ಮನಿ ಲೈಟಿನಿಂದ. ಲೈಟ್ ಆರಿಸಿ, ಬಿಸಲು ನೇರ ಬೀಳದ ಕಿಟಕಿ ಹತ್ತಿರ ಹಾಳಿ ನೆಲದ ಮ್ಯಾಲ ಹರವ್ರಿ. ಕಿಟಕಿಯ ಎದುರು ಬದಿಗೆ ಒಂದು ಬಿಳಿ ರಟ್ಟು ನಿಲ್ಲಿಸ್ರಿ, ನೆರಳು ತಿಳಿ ಆಗತೈತಿ. ಫೋನು ಹಾಳಿಗೆ ಸಮ ಇರಲಿ. ಭಾಳ ಹತ್ತಿರ ಹೋದ್ರ ಅಂಚು ಬಾಗತಾವ, ಎರಡು ಫೂಟು ಮ್ಯಾಲಿಂದ ತಗದು ಆಮ್ಯಾಲ ಕತ್ತರಿಸ್ರಿ. ಸ್ಕ್ಯಾನರ್ ಸಿಕ್ರ 300 ಡಿಪಿಐ (ಇಂಚಿಗೆ 300 ಚುಕ್ಕಿ) ಸಾಕು. ವಾಟ್ಸಾಪಿನಾಗ ಫೋಟೋ ಅಂತ ಕಳಿಸಬ್ಯಾಡ್ರಿ, ಕುಗ್ಗತೈತಿ, ಡಾಕ್ಯುಮೆಂಟ್ ಅಂತ ಕಳಿಸ್ರಿ. ಹೆಸರು "2025-06 ದೊಡ್ಡದು ಆನಿ" ಅಂತ ಇಟ್ರ ತಾನೇ ಸಾಲಾಗಿ ಕೂಡತಾವ. ಫೋನಿನಾಗೊಂದು, ಪೆನ್ ಡ್ರೈವಿನಾಗೊಂದು ಪ್ರತಿ ಇರಲಿ.

ಕಾಳಿನ ಚಿತ್ರ ಬಾಳಿಕಿ ಬರೂದಿಲ್ಲ. ಮೈದಾ ಅಂಟಿಗೆ ಬೆಳ್ಳಿ ಹುಳ, ಕಾಳಿಗೆ ನುಸಿ, ಅವು ಬಾಜೂಕಿನ ಹಾಳಿಗೂ ಹತ್ತತಾವ. ಫೋಟೋ ತಗದು ಬಿಟ್ಟುಬಿಡ್ರಿ. ಒಂದನ್ನ ಇಡಲೇಬೇಕಂದ್ರ ಗಾಳಿ ಹೋಗದ ಚೀಲದಾಗ ಹಾಕಿ ಡೀಪ್ ಫ್ರೀಜರಿನಾಗ 7 ದಿನ ಇಟ್ಟು, ಹೊರಗ ತಗದ ಮ್ಯಾಲ ಒಂದು ದಿನ ಚೀಲ ಬಿಚ್ಚಬ್ಯಾಡ್ರಿ. ಬಿಚ್ಚಿದ್ರ ತಣ್ಣನ ಹಾಳಿ ಮ್ಯಾಲ ನೀರು ಕೂಡತೈತಿ.

ಎರಿ ಮಣ್ಣಿನ ಎತ್ತು ಒಣಗತಾ ಭಾಳ ಕುಗ್ಗತೈತಿ, ಅದಕ್ಕೇ ಬಿರೀತೈತಿ. ಮುಂದಿನ ಸಲ ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಉಸುಕು ಕಲಸ್ರಿ. ಕೋಡು ಉದುರೂದು ಬರೇ ಒತ್ತಿ ಹಚ್ಚಿದ್ದಕ್ಕ. ಎರಡೂ ಕಡೆ ಕಡ್ಡಿಯಿಂದ ಗೀರಿ, ಗಂಜಿಯಂಥ ತಿಳಿ ಮಣ್ಣು ಸವರಿ ಕೂಡಿಸ್ರಿ. ಬಿಸಲಿಗೆ ಇಡಬ್ಯಾಡ್ರಿ, ನೆರಳಾಗ ಎಂಟ-ಹತ್ತು ದಿನ ಆರಲಿ. ಒಂದು ಜೋಡಿ ಗ್ವಾಡಿ ಮಾಡದಾಗ (ಗೂಡಿನಾಗ) ಇಟ್ಟು ಉಳಿದವು ಹೊಲಕ್ಕೋ ನೀರಿಗೋ ಬಿಡ್ರಿ.

ಫ್ರೇಮ್ ಕೆಲಸದಾವ

ಹಾಳಿ ಇಡ್ಲಿಕ್ಕೆ ಪಾಲಿಪ್ರೊಪಿಲೀನ್ ಕವರಿನ ಫೈಲ್ ತಗೋರಿ, ಒಂದು ಕೂಸಿಗೆ ವರ್ಷಕ್ಕ 20 ಕವರ್. ವಾಸನಿ ಬರೂ ಮೆತ್ತನ ಪಿವಿಸಿ ಕವರ್ ಬಣ್ಣಕ್ಕ ಅಂಟ್ತದ. ದಪ್ಪ ಪೋಸ್ಟರ್ ಕಲರಿನದು ಸುತ್ತಿ ಇಡಬ್ಯಾಡ್ರಿ, ಪುಡಿ ಉದುರ್ತದ. ಅಡ್ಡ ಹರವಿ ಇಡ್ರಿ. ಫೈಲು ನೆಲಕ್ಕೂ ಹೊರಗಿನ ಗ್ವಾಡಿಗೂ ತಾಗದಂಗ ಇರಲಿ, ಗೆದ್ದಲು ಅಲ್ಲಿಂದನೇ ಬರ್ತಾವ. ಮಹಾನವಮಿಗೆ ಮನಿ ಸ್ವಚ್ಛ ಮಾಡೂ ಹೊತ್ತಿಗೆ ಒಮ್ಮೆ ತಗದು ಗಾಳಿಗೆ ಇಡ್ರಿ.

ಈಗಾಗ್ಲೇ ಟೇಪ್ ಹಚ್ಚಿದ್ದು ಇದ್ರ ಜಗ್ಗಬ್ಯಾಡ್ರಿ. ಕೂದಲು ಒಣಗಿಸೂ ಡ್ರೈಯರ್ ಸಣ್ಣ ಬಿಸಿಗೆ ಇಟ್ಟು, ಟೇಪ್ ಹಾಳಿಗೆ ಸಮ ಹಿಂದಕ್ಕ ಮಡಚಿ ನಿಧಾನ ಸುಲೀರಿ. ಟೇಪಿನ ಕೆಳಗ ಕ್ರೆಯಾನ್ ಇದ್ರ ಬಿಸಿ ಹಿಡೀಬ್ಯಾಡ್ರಿ, ಟೇಪ್ ಹಂಗೇ ಬಿಟ್ಟು, ಹಾಳಿಯಿಂದ ಹೊರಗ ಉಳಿದ ಟೇಪ್ ಅಷ್ಟೇ ಕತ್ತರಿಸ್ರಿ.