ಏಜೆಂಟ್ ಪದೇ ಪದೇ ತಪ್ಪು ಟೂಲ್ ಕರೆಯುತ್ತಿದೆ, ವಿವರಣೆ ಹೇಗೆ ಬರೆಯಬೇಕು?

ನೀಲಿಶಾಯಿ
ಎಲ್ಲರಿಗೂ ನಮಸ್ಕಾರ. ಗ್ರಾಹಕರ ಪ್ರಶ್ನೆಗಳಿಗೆ ಉತ್ತರ ಕೊಡುವ ಏಜೆಂಟ್ (ಎಐ ಮಾಡೆಲ್ ನಡೆಸುವ ಸಹಾಯಕ) ಒಂದನ್ನು ಕಟ್ಟುತ್ತಿದ್ದೇನೆ. ಅದು ಕರೆಯಬಹುದಾದ ಟೂಲ್, ಅಂದರೆ ಒಂದೊಂದು ಕೆಲಸ ಮಾಡಿಕೊಡುವ ಫಂಕ್ಷನ್, ಒಟ್ಟು 14 ಇವೆ, ಅದರಲ್ಲಿ ಎರಡು ನನ್ನ ತಲೆ ತಿನ್ನುತ್ತಿವೆ. ಒಂದು ‘ಗೆಟ್_ಆರ್ಡರ್’, ಇನ್ನೊಂದು ‘ಸರ್ಚ್_ಆರ್ಡರ್ಸ್’. ಮೊದಲನೆಯದರ ವಿವರಣೆ ‘ಆರ್ಡರ್ ಮಾಹಿತಿ ಕೊಡುತ್ತದೆ’, ಎರಡನೆಯದರದ್ದು ‘ಆರ್ಡರ್ ಹುಡುಕುತ್ತದೆ’. ಯಾರಾದರೂ ‘ಹೋದ ವಾರ ತಗೊಂಡ ಚಾರ್ಜರ್ ಇನ್ನೂ ಬಂದಿಲ್ಲ’ ಅಂದರೆ ಸಾಕು, ಏಜೆಂಟ್ ಗೆಟ್_ಆರ್ಡರ್ ಕರೆಯುತ್ತದೆ, ಅದೂ ಐಡಿ ಇರಬೇಕಾದ ಜಾಗದಲ್ಲಿ ‘ಚಾರ್ಜರ್’ ಅಂತ ತುಂಬಿ. ಎರರ್ ಬಂದರೆ ಮತ್ತೆ ಅದೇ ಕರೆ. ಸಿಸ್ಟಮ್ ಪ್ರಾಂಪ್ಟ್‌ನಲ್ಲಿ (ಮಾಡೆಲ್‌ಗೆ ಮೊದಲೇ ಕೊಡುವ ಸೂಚನೆಯಲ್ಲಿ) ‘ಸರಿಯಾದ ಟೂಲ್ ಆರಿಸು’ ಅಂತ ಬರೆದೂ ನೋಡಿದೆ, ಏನೂ ಬದಲಾಗಲಿಲ್ಲ. ಮಾಡೆಲ್ ಬದಲಾಯಿಸಬೇಕಾ, ಇಲ್ಲ ನಾನು ಬರೆದದ್ದೇ ಸರಿ ಇಲ್ವಾ?

ಅರ್ಧವಿರಾಮ
ಮಾಡೆಲ್ ತಂಟೆಗೆ ಹೋಗಬೇಡಿ. ನಿಮ್ಮ ಕೋಡ್ ಅದಕ್ಕೆ ಕಾಣುವುದೇ ಇಲ್ಲ. ಕಾಣುವುದು ಟೂಲ್‌ನ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ ಜೇಸನ್ ಸ್ಕೀಮಾ (ಟೂಲ್‌ಗೆ ಏನೇನು, ಯಾವ ರೂಪದಲ್ಲಿ ಕೊಡಬೇಕು ಅನ್ನುವ ಪಟ್ಟಿ), ಅಷ್ಟೇ. ‘ಗೆಟ್’ ಅಂದರೆ ಐಡಿ ಕೊಟ್ಟು ತರುವುದು, ‘ಸರ್ಚ್’ ಅಂದರೆ ಐಡಿ ಗೊತ್ತಿಲ್ಲದಾಗ ಹುಡುಕುವುದು ಅಂತ ನಿಮಗೆ ಗೊತ್ತು, ಯಾಕಂದ್ರೆ ಎರಡನ್ನೂ ಬರೆದವರು ನೀವೇ. ನಿಮ್ಮ ಆ ಎರಡು ಸಾಲನ್ನು ಹೊಸದಾಗಿ ಕೆಲಸಕ್ಕೆ ಸೇರಿದವರ ಕೈಗೆ ಕೊಟ್ಟು ಯಾವುದನ್ನು ಯಾವಾಗ ಬಳಸಬೇಕು ಅಂತ ಕೇಳಿ ನೋಡಿ. ಅವರೂ ತಡಬಡಾಯಿಸುತ್ತಾರೆ.

ನಾನಾದರೆ ಗೆಟ್_ಆರ್ಡರ್‌ಗೆ ಹೀಗೆ ಬರೆಯುತ್ತೇನೆ:

‘ಒಂದು ಆರ್ಡರ್‌ನ ಪೂರ್ತಿ ವಿವರ ಕೊಡುತ್ತದೆ: ಈಗಿನ ಸ್ಥಿತಿ, ಅದರಲ್ಲಿರುವ ವಸ್ತುಗಳು, ತಲುಪುವ ದಿನ. ಆರ್ಡರ್ ಐಡಿ ಈಗಾಗಲೇ ಕೈಯಲ್ಲಿದ್ದರೆ ಮಾತ್ರ ಬಳಸು. ವಸ್ತುವಿನ ಹೆಸರೋ ದಿನಾಂಕವೋ ಮಾತ್ರ ಗೊತ್ತಿದ್ದರೆ ಮೊದಲು ಸರ್ಚ್_ಆರ್ಡರ್ಸ್ ಕರೆದು ಐಡಿ ಪಡೆದುಕೋ. ಹಣ ವಾಪಸಾದ ಮಾಹಿತಿ ಇದರಲ್ಲಿ ಬರುವುದಿಲ್ಲ.’

ಯಾವಾಗ ಬಳಸಬಾರದು ಅನ್ನುವ ಸಾಲನ್ನು ಜನ ಬರೆಯುವುದೇ ಇಲ್ಲ, ನನ್ನ ಅನುಭವದಲ್ಲಿ ಜಾಸ್ತಿ ಕೆಲಸ ಮಾಡುವುದು ಅದೇ. ಪ್ಯಾರಾಮೀಟರ್‌ಗೆ ಸುಮ್ನೆ ‘ಐಡಿ’ ಅಂತ ಹೆಸರಿಡಬೇಡಿ, ‘ಆರ್ಡರ್_ಐಡಿ’ ಅನ್ನಿ. ಅದು ನೋಡಲು ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡಿ, ‘ಓಆರ್‌ಡಿ-004512’ ಅನ್ನುವ ಹಾಗೆ. ಆಗ ಅಲ್ಲಿ ‘ಚಾರ್ಜರ್’ ತುಂಬುವುದು ತುಂಬಾ ಕಡಿಮೆ ಆಗುತ್ತದೆ.

ಮಳೆಹನಿ
ಮೇಲಿನವರು ಹೇಳಿದ್ದು ಸರಿ. ಅದರ ಜೊತೆ ಎರರ್ ಸಂದೇಶವನ್ನೂ ನೋಡಿ. ಬಹುಶಃ ನಿಮ್ಮ ಟೂಲ್ ಬರೀ ‘400 ಬ್ಯಾಡ್ ರಿಕ್ವೆಸ್ಟ್’ (ಕೋರಿಕೆ ಸರಿ ಇಲ್ಲ) ಅಂತ ವಾಪಸ್ ಕೊಡುತ್ತಿದೆ, ಅಲ್ವಾ? ಅದನ್ನು ಓದಿ ಮಾಡೆಲ್ ಏನು ತಿದ್ದಿಕೊಳ್ಳಬೇಕು? ‘ಚಾರ್ಜರ್ ಅನ್ನುವುದು ಆರ್ಡರ್ ಐಡಿ ಅಲ್ಲ, ವಸ್ತುವಿನ ಹೆಸರಿಂದ ಹುಡುಕಲು ಸರ್ಚ್_ಆರ್ಡರ್ಸ್ ಬಳಸು’ ಅಂತ ವಾಪಸ್ ಕೊಡಿ. ಮುಂದಿನ ಕರೆಯಲ್ಲೇ ದಾರಿಗೆ ಬರುತ್ತದೆ.

ದಿನಾಂಕದ ವಿಷಯದಲ್ಲಿ ನಾನು ಎರಡು ದಿನ ಕಳೆದುಕೊಂಡಿದ್ದೇನೆ. 03/04/2025 ಅಂದರೆ ಮಾರ್ಚ್ 4 ಕೂಡ ಹೌದು, ಏಪ್ರಿಲ್ 3 ಕೂಡ ಹೌದು. ಎರರ್ ಬರುವುದಿಲ್ಲ, ಬೇರೆ ತಿಂಗಳ ಪಟ್ಟಿ ಬರುತ್ತದೆ, ಏಜೆಂಟ್ ಅದನ್ನೇ ನಂಬಿ ಉತ್ತರ ಬರೆಯುತ್ತದೆ. ಐಎಸ್ಒ 8601 ರೂಪ, ಅಂದರೆ ವರ್ಷ-ತಿಂಗಳು-ದಿನ, 2025-04-03 ಅನ್ನುವ ಹಾಗೆ, ಇದು ಮಾತ್ರ ನಡೆಯುತ್ತದೆ ಅಂತ ವಿವರಣೆಯಲ್ಲೂ ಬರೆಯಿರಿ, ಕೋಡ್‌ನಲ್ಲೂ ತಡೆಯಿರಿ. ಆರ್ಡರ್ ಸ್ಥಿತಿಯಂಥ ನಾಲ್ಕೈದೇ ಆಯ್ಕೆಗಳಿರುವ ಕಡೆ ಈನಮ್ (ಇವುಗಳಲ್ಲಿ ಒಂದನ್ನೇ ತುಂಬಬೇಕು ಅನ್ನುವ ಪಟ್ಟಿ) ಹಾಕಿಬಿಡಿ.

ಕಡೆಗೋಲು
ಒಂದು ಮಾತಿಗೆ ನನ್ನ ತಕರಾರಿದೆ. ಎಲ್ಲ ಟೂಲ್‌ಗೂ ಉದ್ದುದ್ದ ಬರೆಯುತ್ತಾ ಹೋಗಬೇಡಿ. 14 ಟೂಲ್‌ಗಳ ವಿವರಣೆಯೂ ಪ್ರತಿ ರಿಕ್ವೆಸ್ಟ್ ಜೊತೆ ಹೋಗುತ್ತದೆ, ಟೋಕನ್ (ಮಾಡೆಲ್ ಓದುವ ಪಠ್ಯದ ತುಣುಕು) ತಿನ್ನುತ್ತದೆ. ಮೊದಲು 14 ಬೇಕೇ ಬೇಕಾ ನೋಡಿ. ಒಂದನ್ನು ಕರೆದಮೇಲೆ ಯಾವಾಗಲೂ ಇನ್ನೊಂದನ್ನು ಕರೆಯಲೇಬೇಕು ಅಂತಿದ್ದರೆ ಆ ಎರಡನ್ನೂ ಒಂದು ಮಾಡಿ. ಗೊಂದಲ ಆಗುವ ಟೂಲ್‌ಗೆ ನಾಲ್ಕು ಸಾಲು, ಉಳಿದದ್ದಕ್ಕೆ ಒಂದೆರಡು ಸಾಲು ಸಾಕು.

ಆಮೇಲೆ ಅಂದಾಜಿನ ಮೇಲೆ ತಿದ್ದಬೇಡಿ. ನಿಜವಾದ ಗ್ರಾಹಕರು ಕೇಳಿದ ಇಪ್ಪತ್ತು ಮೂವತ್ತು ಪ್ರಶ್ನೆ ಎತ್ತಿಟ್ಟುಕೊಂಡು, ಒಂದು ಸಾಲು ಬದಲಾಯಿಸಿದಾಗಲೆಲ್ಲ ಅಷ್ಟನ್ನೂ ಓಡಿಸಿ, ಏಜೆಂಟ್ ಯಾವ ಟೂಲ್ ಕರೆಯಿತು, ಏನು ತುಂಬಿತು ಅಂತ ಲಾಗ್ ಕೂತು ಓದಿ. ಬೇಜಾರಿನ ಕೆಲಸ ಹೌದು, ಆದರೆ ಎಡವಟ್ಟು ಎಲ್ಲಿದೆ ಅಂತ ಅಲ್ಲೇ ಕಾಣುವುದು.

ನೀಲಿಶಾಯಿ
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಎರಡೂ ವಿವರಣೆ ಹೊಸದಾಗಿ ಬರೆದೆ, ಎರರ್ ಸಂದೇಶ ತಿದ್ದಿದೆ. ಚಾರ್ಜರ್ ಪ್ರಶ್ನೆಗೆ ಈಗ ಮೊದಲು ಹುಡುಕಿ, ಐಡಿ ತಗೊಂಡು, ಆಮೇಲೆ ವಿವರ ತರುತ್ತಿದೆ. ಆದರೆ ಲಾಗ್ ಓದುವಾಗ ಇನ್ನೊಂದು ಸಿಕ್ಕಿತು, ನೋಡಿ ಎದೆ ಧಸಕ್ ಅಂತು. ‘ನನ್ನ ಆರ್ಡರ್ ಕ್ಯಾನ್ಸಲ್ ಆಯ್ತಾ?’ ಅಂತ ಕೇಳಿದರೆ ಅದು ಕ್ಯಾನ್ಸಲ್_ಆರ್ಡರ್ ಕರೆಯುತ್ತಿದೆ! ಪುಣ್ಯಕ್ಕೆ ಟೆಸ್ಟ್ ಡೇಟಾ.

ಮಳೆಹನಿ
ಅದನ್ನು ಇವತ್ತೇ ಸರಿಮಾಡಿ. ‘ಆರ್ಡರ್ ರದ್ದು ಮಾಡುತ್ತದೆ, ಮತ್ತೆ ವಾಪಸ್ ತರಲು ಆಗುವುದಿಲ್ಲ. ರದ್ದಾಗಿದೆಯಾ ಅಂತ ತಿಳಿಯಲು ಇದನ್ನು ಕರೆಯಬೇಡ, ಗೆಟ್_ಆರ್ಡರ್‌ನಲ್ಲಿ ಸ್ಥಿತಿ ನೋಡು’ ಅಂತ ಸೇರಿಸಿ. ನಿಮ್ಮದು ಎಂಸಿಪಿ (ಮಾಡೆಲ್‌ಗೆ ಟೂಲ್ ಜೋಡಿಸುವ ಒಂದು ಪ್ರಮಾಣಿತ ವಿಧಾನ) ಸರ್ವರ್ ಆಗಿದ್ದರೆ, ಈ ಟೂಲ್ ಹಾನಿ ಮಾಡಬಹುದು ಅಂತ ತಿಳಿಸುವ ‘ಡಿಸ್ಟ್ರಕ್ಟಿವ್‌ಹಿಂಟ್’ ಕೂಡ ಹಾಕಿ, ಆದರೆ ಹೆಸರೇ ಹೇಳುವಂತೆ ಅದು ಬರೀ ಸುಳಿವು, ಯಾರನ್ನೂ ತಡೆಯುವುದಿಲ್ಲ. ಇಂಥ ಟೂಲ್‌ಗೆ ವಿವರಣೆ ಎಷ್ಟು ಚೆನ್ನಾಗಿದ್ದರೂ ಸಾಲದು. ಗ್ರಾಹಕರು ‘ಹೌದು’ ಒತ್ತುವ ತನಕ ಕೋಡ್ ಮುಂದೆ ಹೋಗಲೇಬಾರದು.