ಎಂಟು ಇಂಚಿನ ಪುಂಡ ಆಸ್ಕರ್‌ಗೆ ಜೊತೆ ಯಾರು?

ಗಾಜಿನಮನೆ ಕೇಳಿದ್ದು:

ನನ್ನ ಹತ್ತಿರ ಒಂದು ಟೈಗರ್ ಆಸ್ಕರ್ ಮೀನಿದೆ. ಈಗ ಸುಮಾರು 8 ಇಂಚು. ಟ್ಯಾಂಕ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕ್ಯಾನಿಸ್ಟರ್ ಫಿಲ್ಟರ್ ಇದೆ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸುತ್ತೇನೆ.

ಇವನು ಒಬ್ಬನೇ ಇದ್ದಾನೆ. ಗಾಜಿನ ಹತ್ತಿರ ಕೈ ತಂದರೆ ಸಾಕು, ಕಿವಿರು ಅಗಲಿಸಿಕೊಂಡು ನುಗ್ಗಿ ಬರುತ್ತಾನೆ. ಅಂಟಿಸಿದ ಹೀಟರನ್ನು ಎಷ್ಟು ಸಲ ಕಿತ್ತು ಹಾಕಿದ್ದಾನೋ ಲೆಕ್ಕವಿಲ್ಲ. ಕಲ್ಲುಗಳನ್ನು ಬಾಯಲ್ಲಿ ಕಚ್ಚಿಕೊಂಡು ಎಡಮೂಲೆಯಿಂದ ಬಲಮೂಲೆಗೆ ಸಾಗಿಸುತ್ತಾನೆ. ಮರುದಿನ ಅವನ್ನೇ ವಾಪಸ್ ತರುತ್ತಾನೆ. ನೋಡಲು ಮಜಾ ಇದೆ, ಆದರೂ ಒಂದೇ ಮೀನಿರುವ ಟ್ಯಾಂಕ್ ಬಿಕೋ ಅನ್ನಿಸುತ್ತದೆ.

ಜೊತೆಗೆ ಬಿಡಲು ತಲೆಯಲ್ಲಿರುವ ಮೀನುಗಳು ಇವು: ಸಿಲ್ವರ್ ಡಾಲರ್, ಗ್ರೀನ್ ಟೆರರ್, ಕಾನ್ವಿಕ್ಟ್, ತಳದಲ್ಲಿ ಉಳಿದ ಆಹಾರ ತಿನ್ನಲು ಕೋರಿಡೋರಾಸ್. ಸ್ನೇಹಿತರೊಬ್ಬರು ತಮ್ಮ ಫ್ಲವರ್‌ಹಾರ್ನನ್ನು ಸುಮ್ನೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಯಾವುದನ್ನು ಬಿಡಲಿ?

ಹವಳಬಾಲ:

ಕಾನ್ವಿಕ್ಟ್ ಹಾಕಿ, ಯೋಚನೆ ಬೇಡ. ನನ್ನ ಆಸ್ಕರ್ ಜೊತೆ ಒಂದು ಗಂಡು ಕಾನ್ವಿಕ್ಟ್ ಇದೆ. ಬರೀ 4 ಇಂಚು, ಆದರೆ ಯಾರಿಗೂ ಹೆದರುವುದಿಲ್ಲ.

ಕೆರೆದಂಡೆ:

ಮೊದಲು ಆ ಫ್ಲವರ್‌ಹಾರ್ನ್‌ಗೆ ಕೈ ಮುಗಿದು ಬೇಡ ಅನ್ನಿ. ಅದು ಯಾವ ನದಿಯ ಮೀನೂ ಅಲ್ಲ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೇರೆ ಬೇರೆ ಸಿಕ್ಲಿಡ್‌ಗಳನ್ನು (ಆಸ್ಕರ್ ಕೂಡ ಸೇರಿರುವ ಮೀನಿನ ಕುಟುಂಬ) ಬೆರೆಸಿ ಮಾಡಿದ ತಳಿ. ಅದನ್ನು ಒಂಟಿಯಾಗಿ ಸಾಕುವುದೇ ಸರಿ. ನಿಮ್ಮ ಆಸ್ಕರ್ ಪುಂಡ ಅಂದಿರಿ. ಪುಂಡನೇ, ಆದರೆ ಜೋರೆಲ್ಲ ಗಾಜಿನ ಈಚೆಗಿರುವವರ ಮೇಲೆ. ಹಟಮಾರಿ ಮೀನೊಂದು ಎದುರು ನಿಂತರೆ ಆಸ್ಕರ್ ಎರಡು ಸಲ ಬಾಯಿ ತೆರೆದು ಗದರಿಸಿ, ಆಮೇಲೆ ಮೂಲೆಗೆ ಹೋಗಿ ಬಣ್ಣ ಕಪ್ಪಾಗಿಸಿಕೊಂಡು ಮಲಗಿಬಿಡುತ್ತದೆ. ಜಗಳದಲ್ಲಿ ಸೋಲುವ ಆಸ್ಕರ್‌ಗಳೇ ಜಾಸ್ತಿ.

ಜೊತೆ ಹುಡುಕುವವರು 'ಇದಕ್ಕೆ ಸರಿಸಮ ಜಗಳಗಂಟ ಯಾವುದು' ಅಂತ ಹುಡುಕುತ್ತಾರೆ. ನಾನು ಬೇರೆ ಥರ ನೋಡುತ್ತೇನೆ. ಆಸ್ಕರ್ ಮೇಲೆ ಬೀಳುವುದಕ್ಕೆ ಎರಡು ಕಾರಣ ಇವೆ. ಬಾಯಿಗೆ ಹಿಡಿಸುವುದನ್ನು ತಿನ್ನುತ್ತದೆ. ತನ್ನ ಜಾಗಕ್ಕೆ ಬಂದವರನ್ನು ಓಡಿಸುತ್ತದೆ. ಮೊದಲನೆಯದು ಜಗಳವೇ ಅಲ್ಲ, ಊಟ. ಹಾಗಾಗಿ ಬೇಕಾಗಿರುವುದು ಬಾಯಿಗೆ ಹಿಡಿಸದ, ನೆಲಕ್ಕಾಗಿ ಪೈಪೋಟಿಗೆ ಬರದ ಮೀನು. ಜಟ್ಟಿ ಬೇಕಾಗಿಲ್ಲ.

ಕೋರಿಡೋರಾಸ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಎರಡೂ ಮೀನುಗಳ ಜೀವಕ್ಕೆ ಕುತ್ತು. ಅದರ ಬೆನ್ನಿನ ರೆಕ್ಕೆಗೂ ಎದೆಯ ರೆಕ್ಕೆಗಳಿಗೂ ಮುಂದೆ ಒಂದೊಂದು ಗಟ್ಟಿ ಮುಳ್ಳಿದೆ. ಹೆದರಿದಾಗ ಮುಳ್ಳುಗಳು ನೆಟ್ಟಗೆ ನಿಂತು ಹಾಗೇ ಲಾಕ್ ಆಗುತ್ತವೆ. ಆಸ್ಕರ್ ಅದನ್ನು ಒಂದೇ ಸಲಕ್ಕೆ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ನುಂಗಲೂ ಆಗುವುದಿಲ್ಲ, ಉಗುಳಲೂ ಆಗುವುದಿಲ್ಲ. ಪರಿಚಯದವರ ಟ್ಯಾಂಕಿನಲ್ಲಿ ಕಣ್ಣಾರೆ ನೋಡಿದ್ದೇನೆ. ಬಾಯಿ ಪೂರ್ತಿ ತೆರೆದಿತ್ತು, ಚಿಕ್ಕ ಬಾಲ ಹೊರಗೆ ಅಲ್ಲಾಡುತ್ತಿತ್ತು, ಕಿವಿರು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಹಿಡಿದು, ಸಣ್ಣ ಕತ್ತರಿಯಿಂದ ಮುಳ್ಳು ತುಂಡರಿಸಿ ಎಳೆದರು. ಆಸ್ಕರ್ ಉಳಿಯಿತು, ಕೋರಿ ಉಳಿಯಲಿಲ್ಲ.

ಗ್ರೀನ್ ಟೆರರ್ ಆಗಬಹುದು, ಆದರೆ ಬೆಳೆದ ಗಂಡಿಗೆ ತನ್ನದೇ ಜಾಗ ಬೇಕು. 4 ಅಡಿಯಲ್ಲಿ ಇಬ್ಬರು ಯಜಮಾನರಿಗೆ ಜಾಗ ಎಲ್ಲಿದೆ?

ನಿಮ್ಮ ಪಟ್ಟಿಯಲ್ಲಿ ಒಳ್ಳೆಯದು ಸಿಲ್ವರ್ ಡಾಲರ್. ಪಿರಾನ್ಹಾದ ನೆಂಟ, ಆದರೆ ಸೊಪ್ಪು ತಿನ್ನುವ ನೆಂಟ. ಸುಮಾರು 6 ಇಂಚು ಬೆಳೆಯುತ್ತದೆ. ಮೈ ತಟ್ಟೆಯಂತೆ ಅಗಲ, ಆದ್ದರಿಂದ ಬಾಯಿಗೆ ಹಿಡಿಸುವುದಿಲ್ಲ. ನಡುನೀರಿನಲ್ಲೇ ಗುಂಪಾಗಿ ಓಡಾಡುತ್ತದೆ, ತಳಕ್ಕಾಗಿ ಜಗಳಕ್ಕೆ ಬರುವುದಿಲ್ಲ. ಅವು ಆರಾಮಾಗಿ ಈಜುವುದನ್ನು ಕಂಡರೆ ಆಸ್ಕರ್ ಕೂಡ ಸಮಾಧಾನದಿಂದ ಇರುತ್ತದೆ. ಆದರೆ ಕನಿಷ್ಠ 5 ಬೇಕು. ಒಂದೆರಡು ತಂದರೆ ಮೂಲೆ ಹಿಡಿದು ನಡುಗುತ್ತಾ ನಿಲ್ಲುತ್ತವೆ. ತರುವಾಗಲೇ 4 ಇಂಚು ಇರಲಿ. ಪಾಕು ಅನ್ನುವ ಇನ್ನೊಂದು ಮೀನಿನ ಮರಿ ನೋಡಲು ಹೀಗೇ ಇರುತ್ತದೆ, ಎಚ್ಚರ. ಅದು 2 ಅಡಿ ದಾಟುತ್ತದೆ.

ಈಗ ಬೇಸರದ ಮಾತು. ನಿಮ್ಮ ಟ್ಯಾಂಕ್ ಲೆಕ್ಕಕ್ಕೆ 255 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ಇನ್ನೂ ಕಡಿಮೆ. ಆಸ್ಕರ್ 1 ಅಡಿ ಆಗುತ್ತದೆ, ಕೆಲವು ಅದಕ್ಕೂ ಜಾಸ್ತಿ. ಒಂದೂವರೆ ಅಡಿ ಅಗಲದಲ್ಲಿ ಅದು ತಿರುಗುವುದೇ ಕಷ್ಟ. ಈ ಟ್ಯಾಂಕಿಗೆ ನನ್ನ ಉತ್ತರ: ಯಾರೂ ಬೇಡ. ಒಂಟಿ ಆಸ್ಕರ್ ಏನೂ ಕೊರಗುವುದಿಲ್ಲ, ಬಿಕೋ ಅನ್ನಿಸುವುದು ನಮಗೆ ಮಾತ್ರ. ಒಂದು ಪಿಂಗ್‌ಪಾಂಗ್ ಚೆಂಡು ತೇಲಿಬಿಡಿ, ಮೂತಿಯಿಂದ ತಳ್ಳಿಕೊಂಡು ಆಡಬಹುದು.

ಹವಳಬಾಲ:

ಹಾಗಾದರೆ ನನ್ನ ಕಾನ್ವಿಕ್ಟ್ ಹೇಗೆ ಬದುಕಿದೆ ಸ್ವಾಮಿ?

ಕೆರೆದಂಡೆ:

ಒಂದೇ ಇದೆ, ಅದೂ ಗಂಡು, ಅದಕ್ಕೆ! ಅಪ್ಪಿತಪ್ಪಿ ಹೊಟ್ಟೆಯ ಮೇಲೆ ಕಿತ್ತಳೆ ಬಣ್ಣ ಇರುವುದೊಂದನ್ನು ತಂದು ಬಿಟ್ಟು ನೋಡಿ. ಅದು ಹೆಣ್ಣು. ಜೋಡಿಯಾಗಿ ಮೊಟ್ಟೆ ಇಟ್ಟರೆ ಅರ್ಧ ಟ್ಯಾಂಕ್ ಅವರದ್ದು. ಮರಿ ಬಂದರೆ ಪೂರ್ತಿ ಅವರದ್ದು. 4 ಇಂಚಿನ ಜೋಡಿ ಅಡಿಯುದ್ದದ ಆಸ್ಕರನ್ನು ಮೂಲೆಗೆ ಅಟ್ಟಿ ಕೂರಿಸುತ್ತದೆ. ಒಂಟಿ ಗಂಡು ಬದುಕಬಹುದು, ನಿಮ್ಮದು ಬದುಕಿದೆ, ಸಂತೋಷ. ಆದರೆ ನಿಮ್ಮ ಆಸ್ಕರ್ ಸ್ವಭಾವ ಅವರ ಆಸ್ಕರ್‌ಗೆ ಇರಬೇಕಲ್ಲ.

ಮರಳುಗುಬ್ಬಿ:

ಇನ್ನೊಂದು ಆಸ್ಕರ್ ಬಿಟ್ಟರೆ? ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಕೂಡ ಬಣ್ಣ ಚೆನ್ನಾಗಿರುತ್ತದೆ ಅಲ್ವಾ?

ಕೆರೆದಂಡೆ:

ಆಸ್ಕರ್‌ನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ಹೊರಗಿನಿಂದ ಹೇಳಲಾಗುವುದಿಲ್ಲ. ಒಟ್ಟಿಗೆ ಬೆಳೆದ ಮರಿಗಳಾದರೆ ಸರಿ. 8 ಇಂಚಿನವನ ಮನೆಗೆ ಇನ್ನೊಬ್ಬನನ್ನು ತಳ್ಳುವುದು ಬೇಡ. ಮಲಾವಿ ಮೀನುಗಳಿಗೆ ಗಡಸು ನೀರು ಬೇಕು, ಪಿಎಚ್ 8ರ ಆಸುಪಾಸು. ಅಮೆಜಾನ್ ಕಡೆಯ ಆಸ್ಕರ್‌ಗೆ ಮೆದು ನೀರು ಹಿಡಿಸುತ್ತದೆ. ಜಗಳದ ಮಾತು ಆಮೇಲೆ, ನೀರೇ ಹೊಂದುವುದಿಲ್ಲ.

ಗಾಜಿನಮನೆ:

ಫ್ಲವರ್‌ಹಾರ್ನ್ ಬೇಡ ಅಂತ ಹೇಳಿಬಿಟ್ಟೆ. 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಇಡಲು ಜಾಗ ಇದೆ, ಅದನ್ನೇ ಮಾಡಿಸುತ್ತೇನೆ. ಆಗ ಸಿಲ್ವರ್ ಡಾಲರ್ ಜೊತೆ ಪಾಚಿ ತಿನ್ನುವ ಒಂದು ಪ್ಲೆಕೋ ಮೀನು ಸೇರಿಸಬಹುದಾ? ಮೊದಲು ಯಾರನ್ನು ಬಿಡಬೇಕು?

ಕೆರೆದಂಡೆ:

ಅದು ಸುಮಾರು 680 ಲೀಟರ್. ಧಾರಾಳವಾಗಿ ಆಗುತ್ತದೆ.

ಆಸ್ಕರನ್ನು ಕೊನೆಗೆ ಬಿಡಿ. ಇದೊಂದು ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಫಿಲ್ಟರ್ ಪಕ್ವ ಆಗಿ, ಅಂದರೆ ಕೊಳಕನ್ನು ಒಡೆಯುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದು, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮೊದಲು ಸಿಲ್ವರ್ ಡಾಲರ್‌ಗಳು ಹೋಗಲಿ. ಅವು ಜಾಗ ಅರಿತು, ಕೈಯಿಂದ ಹಾಕಿದ್ದಕ್ಕೆ ಮೇಲೆ ಬರುವಂತಾದ ಮೇಲೆ ಇವನನ್ನು ತನ್ನಿ. ಆಗ ಹೊಸಬ ಅವನೇ. ಕಾಯಲು ಅವನದ್ದು ಅಂತ ಜಾಗ ಇನ್ನೂ ಇರುವುದಿಲ್ಲ. ಹೊಟ್ಟೆ ತುಂಬ ತಿನ್ನಿಸಿ, ಲೈಟ್ ಆರಿಸಿ ಬಿಡಿ. ಹೊಸ ಮೀನುಗಳನ್ನು ತಂದ ತಕ್ಷಣ 4 ವಾರ ಬೇರೆ ತೊಟ್ಟಿಯಲ್ಲಿಟ್ಟು ಬಿಳಿ ಚುಕ್ಕೆ ರೋಗ ಇಲ್ಲ ಅಂತ ನೋಡಿಕೊಂಡಿರಬೇಕು.

ಪ್ಲೆಕೋ ಒಂದು ಸಾಕು, 6 ಇಂಚಿಗಿಂತ ದೊಡ್ಡದು. ಅದಕ್ಕೂ ಮುಳ್ಳಿದೆ, ಚಿಕ್ಕದಾದರೆ ಕೋರಿ ಕಥೆಯೇ. ಅದು ಹಾಕುವ ಕಸ ನೋಡಿದರೆ 'ಕ್ಲೀನರ್' ಅಂತ ಯಾಕೆ ಮಾರುತ್ತಾರೋ ದೇವರೇ ಬಲ್ಲ. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ಕೆಳಗೆ ಇರುವಷ್ಟು ನೀರು ಬದಲಿಸಿ.

ಹರಿದ ರೆಕ್ಕೆ ಕಂಡರೆ ಗಾಬರಿ ಬೇಡ, ಬೆಳೆಯುತ್ತದೆ. ಆದರೆ ಯಾವುದಾದರೂ ಮೀನು ಮೇಲಿನ ಮೂಲೆಗೆ ಅಂಟಿಕೊಂಡು ಊಟಕ್ಕೂ ಬರದಿದ್ದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಬೇರೆ ಮಾಡಿ.

ಗಾಜಿನಮನೆ:

ಸರಿ. ಹೊಸದರಲ್ಲಿ ಗಿಡ ಹಾಕಲಾ?

ಕೆರೆದಂಡೆ:

ಒಬ್ಬ ಕೀಳುತ್ತಾನೆ, ಉಳಿದವರು ತಿನ್ನುತ್ತಾರೆ. ಆ ದುಡ್ಡನ್ನು ಮುಚ್ಚಳಕ್ಕೆ ಹಾಕಿ. ಸಿಲ್ವರ್ ಡಾಲರ್ ಬೆದರಿದರೆ ಹಾರುತ್ತವೆ.