ಪತ್ರಿಕೆಯಿಂದ ಉತ್ತರವೇ ಬಾರದಿದ್ದರೆ?

ಪ್ರಶ್ನೆ: ಮಾನ್ಯರೇ, ನಾನು ಕೊಪ್ಪಳ ಜಿಲ್ಲೆಯಲ್ಲಿ ಶಿಕ್ಷಕಿ. ಮಾಸಪತ್ರಿಕೆಗಳಿಗೆ ಕಳುಹಿಸಿದ ಕತೆಗಳು ಅಸ್ವೀಕೃತವೆಂಬ ಉತ್ತರವೂ ಬರುತ್ತಿಲ್ಲ. ಮುದ್ರಣದ ವೆಚ್ಚವನ್ನೂ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಶುಲ್ಕವನ್ನೂ ನಾನೇ ಕೊಟ್ಟರೆ ಸಂಕಲನ ತರುವುದಾಗಿ ಪ್ರಕಾಶಕರೊಬ್ಬರು ಹೇಳುತ್ತಿದ್ದಾರೆ. ಒಪ್ಪಲೇ? ಒಂದು ಕತೆಯನ್ನು ಲಗತ್ತಿಸಿದ್ದೇನೆ.

ಉತ್ತರ: ಮೇಡಂ, ಕತೆಗಳನ್ನು ಆಯುವ ಕೆಲಸದಲ್ಲಿ ಬಹುಕಾಲ ಇದ್ದವನಾಗಿ ಹೇಳುತ್ತೇನೆ, ಪತ್ರಿಕೆಯ ಮೌನವನ್ನು ತೀರ್ಪೆಂದು ಭಾವಿಸಬೇಡಿ. ತಿಂಗಳಿಗೆ ಎರಡು ಮೂರು ಕತೆಗಷ್ಟೇ ಜಾಗವಿರುವಲ್ಲಿ ಒಳ್ಳೆಯ ಕತೆಯೂ ಸರದಿಗಾಗಿ ಕಾಯುತ್ತದೆ. ಮೂರ್ನಾಲ್ಕು ತಿಂಗಳು ನೋಡಿ, ಕತೆಯನ್ನು ಹಿಂಪಡೆಯುತ್ತಿರುವುದಾಗಿ ಸಂಪಾದಕರಿಗೆ ತಿಳಿಸಿ ಬೇರೆ ಪತ್ರಿಕೆಗೆ ಕಳುಹಿಸಿ; ಏಕಕಾಲಕ್ಕೆ ಎರಡು ಕಡೆ ಕಳುಹಿಸಿ ಎರಡರಲ್ಲೂ ಅಚ್ಚಾದರೆ ಇಬ್ಬರ ವಿಶ್ವಾಸವನ್ನೂ ಕಳೆದುಕೊಳ್ಳುತ್ತೀರಿ.

ನಿಮ್ಮ ಕತೆಯನ್ನು ಓದಿದೆ. ಮೊದಲ ಒಂದೂವರೆ ಪುಟ ತುಂಗಭದ್ರೆಯ ಹಿನ್ನೀರಿನ ಸೂರ್ಯಾಸ್ತಕ್ಕೇ ಸಂದಿದೆ. (ಸೂರ್ಯಾಸ್ತಗಳಿಗೆ ಸಂಪಾದಕರಲ್ಲಿ ಎಂದೂ ಕೊರತೆಯಿಲ್ಲ.) ಕಿವಿಯ ಬೆಂಡೋಲೆ ಬಿಚ್ಚಿ ಸಾಹುಕಾರನ ತಕ್ಕಡಿಯಲ್ಲಿಟ್ಟ ತಾಯಿ, ಮುಳ್ಳನ್ನು ನೋಡದೆ ಮಗಳ ಬರಿಗಾಲನ್ನು ನೋಡುವ ಸಾಲು ಆಮೇಲೆ ಬರುತ್ತದೆ. ಕತೆಯನ್ನು ಅಲ್ಲಿಂದಲೇ ಆರಂಭಿಸಿ. ಅಂಥದೊಂದು ಸಾಲು ಬರೆಯಬಲ್ಲವರು ಬರೆಯುವುದನ್ನು ಬಿಡಬಾರದು.

ಇನ್ನು ಹಣದ ವಿಷಯ. ಭಾರತದಲ್ಲಿ ಐಎಸ್‌ಬಿಎನ್ ಉಚಿತವಾಗಿ ಸಿಗುತ್ತದೆ. ಅದಕ್ಕೆ ಶುಲ್ಕ ಕೇಳುವವರ ಉಳಿದ ಲೆಕ್ಕವನ್ನೂ ಅನುಮಾನದಿಂದಲೇ ನೋಡಬೇಕಾಗುತ್ತದೆ. ಸ್ವಂತ ಖರ್ಚಿನಲ್ಲಿ ಪುಸ್ತಕ ತರುವುದು ಅಗೌರವವೇನಲ್ಲ, ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದವರು. ಆದರೆ ಎಷ್ಟು ಪ್ರತಿ ಅಚ್ಚಾಗುತ್ತವೆ, ನಿಮಗೆಷ್ಟು ಸೇರುತ್ತವೆ, ಹಕ್ಕು ಯಾರದು ಎಂಬುದನ್ನು ಕರಾರುಪತ್ರದಲ್ಲಿ ಕಾಣದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅದಕ್ಕೂ ಮೊದಲು, ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡಲು ಕನ್ನಡ ಪುಸ್ತಕ ಪ್ರಾಧಿಕಾರವು ಅರ್ಜಿ ಕರೆಯುವುದನ್ನು ಗಮನಿಸಿ, ವಯೋಮಿತಿಗೆ ಒಳಪಡುವಿರಾ ಎಂದು ಪರಿಶೀಲಿಸಿ. ಕಥಾಸಂಕಲನಗಳ ಹಸ್ತಪ್ರತಿ ಸ್ಪರ್ಧೆಗಳಿಗೂ ಕಳುಹಿಸಬಹುದು.

ಮರುಪ್ರಶ್ನೆ: ಧನ್ಯವಾದಗಳು ಸರ್. ಕಾಯುವ ಅವಧಿಯಲ್ಲಿ ಹಳೆಯದನ್ನೇ ತಿದ್ದುತ್ತಿರಲೇ, ಹೊಸದನ್ನು ಬರೆಯಲೇ?

ಉತ್ತರ: ಹೊಸದನ್ನು ಬರೆಯಿರಿ. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆದ ಬಾನು ಮುಷ್ತಾಕ್ ಅವರ ಸಂಕಲನದ 12 ಕತೆಗಳು 1990ರಿಂದ 2023ರವರೆಗೆ ಬರೆದವುಗಳು; ವಕೀಲಿಕೆ, ಸಂಸಾರ, ಹೋರಾಟಗಳ ನಡುವೆಯೇ ಅವರು ಬರೆದರು. ಕಳುಹಿಸಿದ್ದನ್ನು ಒಮ್ಮೆ ತಿದ್ದಿದರೆ ಸಾಕು. ಹೊಸ ಕತೆಯನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪದಮಿತಿಯನ್ನು ಪತ್ರಿಕೆಯಲ್ಲಿ ನೋಡಿಕೊಂಡು, ವಿಳಾಸವನ್ನು ಕತೆಯ ಕೊನೆಯಲ್ಲೇ ಬರೆಯಿರಿ. ಮೇಲ್ ಒಂದೆಡೆ, ಕಡತ ಇನ್ನೊಂದೆಡೆಯಾಗಿ ಲೇಖಕರು ಯಾರೆಂದೇ ತಿಳಿಯದೆ ಉಳಿದ ಕತೆಗಳನ್ನು ನಾನು ಕಂಡಿದ್ದೇನೆ.